ಮಗಳ ಕೈಗೆ ಕಾಯಿಪಲ್ಲೆ ಚೀಲ ಕೊಟ್ಟೆ: ನನ್ನ ಅನುಭವ

"ಸಣ್ಣ ಹುಡುಗರನ್ನ ಕರ್ಕೊಂಡು ಹೋದ್ರ ಸಂತಿನೂ ಆಗಲ್ಲ, ರೊಕ್ಕನೂ ಉಳಿಯಲ್ಲ" ಅಂತ ಅತ್ತೆ ಹೇಳುತ್ತಲೇ ಇದ್ದರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು. ಈಗ ನನ್ನ ಐದು ವರ್ಷದ ಮಗಳು ಕಾಯಿಪಲ್ಲೆ ಪೇಟೆ ಇರುವ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಪಾವು ಕಿಲೋ (ಕಾಲು ಕಿಲೋ) ಟೊಮ್ಯಾಟೊ ತಾನೇ ಕೇಳಿ, ಆರಿಸಿ, ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಳ್ಳುತ್ತಾಳೆ.

ಸಂತೆಯಲ್ಲೇ ಮಕ್ಕಳಿಗೆ ಕಲಿಸೋಣ ಅಂತ ಮೊದಲು ನಾನು ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದೆ. ಇದು ಯಾವ ಬಣ್ಣ, ಅಲ್ಲಿ ಎಷ್ಟಿವೆ, ಹೆಸರೇನು. ಮೂರನೇ ಅಂಗಡಿಗೆ ಬರುವಷ್ಟರಲ್ಲಿ ಮಗಳು ಬಾಯಿ ಮುಚ್ಚುತ್ತಿದ್ದಳು, ಮೂರು ವರ್ಷದ ಮಗ ನೆಲಕ್ಕೆ ಕೂತು ಅಳುತ್ತಿದ್ದ. ಮೊಟ್ಟೆ ಹಿಡಿಯಲು ಕೊಟ್ಟೆ, ಡಜನ್‌ನಲ್ಲಿ ಏಳು ಒಡೆದವು. ಒಂದು ಎಣ್ಣೆ ಪಾಕೀಟೂ ಹೋಯಿತು. ಸುಮ್ಮನಿರಿಸಲು ಕೊಡಿಸಿದ ಚಾಕೊಲೇಟು ಸೇರಿ ಮೊದಲ ತಿಂಗಳಲ್ಲೇ 400 ರೂಪಾಯಿ ಹತ್ತಿರ ದಂಡ.

ಆಮೇಲೆ ಪ್ರಶ್ನೆ ಬಿಟ್ಟು ಕೆಲಸ ಕೊಟ್ಟೆ. ಒಂದು ಸಲಕ್ಕೆ ಒಬ್ಬರಿಗೆ ಒಂದೇ ಕೆಲಸ. ಮಗನಿಗೆ ಸೊಪ್ಪು: ಮೂಸಿ ನೋಡಿ ಕೊತ್ತಂಬರಿ ಯಾವುದು, ಮೆಂತ್ಯೆ ಯಾವುದು ಹೇಳಬೇಕು. ಪುಂಡಿ ಪಲ್ಲೆಯನ್ನು ಮನೆಗೆ ತಂದು ತೊಳೆದ ಮೇಲೆ ಒಂದು ಎಲೆ ಕಡಿದು ನೋಡಿದ, ಆ ಹುಳಿ ಮರೆತೇ ಇಲ್ಲ. ಮಗಳಿಗೆ ಚಿತ್ರ ಬರೆದ ಚೀಟಿ, ಜೊತೆಗೆ 20 ರೂಪಾಯಿ. ನಿಜವಾದ ದುಡ್ಡೇ ಕೊಡಿ. ಮನೆಯಲ್ಲಿ ಆಟದ ನೋಟು ಕೊಟ್ಟು ವಾರಗಟ್ಟಲೆ ಆಡಿಸಿದ್ದೆ, ಏನೂ ಕಲಿತಿರಲಿಲ್ಲ.

ಜಾಸ್ತಿ ಕಾಡಿದ್ದು "ಅರ್ಧ ಕಿಲೋ". ಎಲೆಕ್ಟ್ರಾನಿಕ್ ಕಾಟಾದ ಮೇಲೆ 500 ಅಂತ ಕಾಣುತ್ತದಲ್ವಾ, ಅದು ಒಂದಕ್ಕಿಂತ ದೊಡ್ಡದು ಅಂತ ಅವಳ ವಾದ. ಕೊನೆಗೆ ಇನ್ನೂ ತಕ್ಕಡಿಯಲ್ಲೇ ತೂಗುವ ಒಬ್ಬ ಆಯಿಯನ್ನು ಹುಡುಕಿದೆ. ಆಯಿ ಒಂದು ಕಡೆ ಕಿಲೋ ಕಲ್ಲು, ಇನ್ನೊಂದು ಕಡೆ ಎರಡು ಅರ್ಧ ಕಿಲೋ ಕಲ್ಲು ಇಡಿಸಿದರು. ತಕ್ಕಡಿ ಸಮ ನಿಂತಾಗ ಮಗಳ ಮುಖ ನೋಡಬೇಕಿತ್ತು! ಮನೆಯಲ್ಲಿ ತೊಗರಿ ಕಾಳು ನೆನೆಸಿ ಸಿಪ್ಪೆ ಸುಲಿಸಿದೆ. ಒಂದು ಕಾಳು, ಎರಡು ಬೇಳೆ. ಅಲ್ಲಿಗೆ ಅರ್ಧ ಪೂರ್ತಿ ತಿಳಿಯಿತು. 2019ರಲ್ಲಿ ಜಿಐ ಟ್ಯಾಗ್ (ಇದು ಇದೇ ಊರಿನ ವಿಶೇಷ ಬೆಳೆ ಅನ್ನುವ ಗುರುತು) ಸಿಕ್ಕ ನಮ್ಮ ತೊಗರಿ ಗಣಿತಕ್ಕೂ ಬಂತು ನೋಡಿ. ಉಳಿದ ಕಾಳನ್ನೂ ಅಂಗಡಿ ಬೇಳೆಯನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಮೂರ್ನಾಲ್ಕು ದಿನಕ್ಕೆ ಕಾಳು ಮೊಳೆಯಿತು, ಬೇಳೆ ನಾರಿತು. ಯಾಕೆ ಅಂತ ಇಬ್ಬರೂ ಒಂದು ವಾರ ಕೇಳಿದರು.



ಹೋದ ತಿಂಗಳು ಒಂದು ಅಂಗಡಿಯಲ್ಲಿ 5 ರೂಪಾಯಿ ಕಡಿಮೆ ಬಂತು. ನಾನು ನೋಡಿರಲಿಲ್ಲ, ಮಗಳು "ಕಾಕಾ, ಇನ್ನ ಐದು ಕೊಡ್ರಿ" ಅಂದಳು. ಈಗ ಅತ್ತೆಯೇ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಅರ್ಧ ತಾಸು ಜಾಸ್ತಿ ಹಿಡಿಯುತ್ತದೆ, ಅವಸರ ಇದ್ದ ದಿನ ಮಕ್ಕಳನ್ನು ಬಿಟ್ಟೇ ಹೋಗಿ. ಬೇಸಿಗೆಯಲ್ಲಂತೂ ನಮ್ಮ ಊರ ಬಿಸಿಲು ಏರುವ ಮುಂಚೆ, ಎಂಟರೊಳಗೆ ಮನೆ ಸೇರಿ.