ಮೌನ ಮುರಿದಾಗ ಕೇಳಿಸುತ್ತಿದ್ದ ‘ಕಟ್’: ಪ್ರೊಸೆಸರಿನ ವೇಗ ಹದಗೊಳಿಸಿದ ನನ್ನ ಅನುಭವ

ಧಾರವಾಡದ ಮಾಳಮಡ್ಡಿಯಲ್ಲಿರುವ ನನ್ನ ಸಂಗೀತ ಗುರುಗಳ ಮನೆಯ ಪಡಸಾಲೆಯೇ ನಮ್ಮ ಧ್ವನಿಮುದ್ರಣದ ಕೋಣೆ. ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಮುದ್ರಣದ ಹೊತ್ತಿಗೆ ತಲೆಯ ಮೇಲಿನ ಫ್ಯಾನ್ ಬಂದ್ ಮಾಡಿ ಕೂಡುವವರು ನಾವು. ಹಾಗಾಗಿ ಅಲ್ಲಿ ಇಟ್ಟಿರುವ, ಅಂಗೈಯಗಲದ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ 4 ಯಂತ್ರಕ್ಕೂ ಫ್ಯಾನ್ ಹಾಕಿಲ್ಲ. ಅದರ ಮೇಲೆ ಎರಡು ಕೆಲಸಗಳು ನಡೆಯುತ್ತವೆ. ಮೊದಲನೆಯದು ನಾನೇ ಬರೆದ ಪ್ರೋಗ್ರಾಮು: ಗಾಯಕರ ಮೈಕಿನ ಧ್ವನಿಗೆ ತುಸು ಅನುರಣನ ಬೆರೆಸಿ, ಆ ಕ್ಷಣವೇ ಅವರ ಹೆಡ್‌ಫೋನಿಗೆ ಮರಳಿಸುತ್ತದೆ. ಎರಡನೆಯದು ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಬೈಠಕ್‌ಗಳ ಗೊರಗೊರ ಸದ್ದನ್ನು ತೆಗೆಯುವ, ಎಷ್ಟು ಗಂಟೆಯಾದರೂ ನಡೆಯಬಹುದಾದ ಹಿನ್ನೆಲೆ ಕೆಲಸ.

ತೊಂದರೆಯನ್ನು ಮೊದಲು ಗುರುತಿಸಿದವರು ಗುರುಗಳೇ. “ತಮ್ಮಾ, ನಾ ಸುಮ್ಮನಿದ್ದು ಮತ್ತ ಸಾ ಹಚ್ಚಿದ ಕೂಡಲೇ ಕಿವಿಯೊಳಗ ಕಟ್ ಅಂತದಲ್ಲೋ” ಎಂದರು. ವಿಲಂಬಿತ್ ಆಲಾಪದಲ್ಲಿ ದೀರ್ಘ ವಿರಾಮದ ನಂತರದ ಮೊದಲ ಸ್ವರದಲ್ಲಿ ಮಾತ್ರ ಹೀಗಾಗುತ್ತಿತ್ತು. ಅದಕ್ಕಿಂತಲೂ ಸೋಜಿಗವೆಂದರೆ, ಕ್ಯಾಸೆಟ್ಟಿನ ಕೆಲಸವೂ ಜೊತೆಗೆ ನಡೆಯುತ್ತಿದ್ದಾಗ ಆ ಸದ್ದು ಬರುತ್ತಲೇ ಇರಲಿಲ್ಲ. ಹೊರೆ ಹೆಚ್ಚಿದಾಗ ಯಂತ್ರ ಸರಿಯಾಗಿ ದುಡಿಯುವುದು, ಹೊರೆ ಇಳಿದಾಗ ಎಡವುವುದು ಹೇಗೆ ಎಂಬುದನ್ನು ಬಿಡಿಸಲು ನನಗೆ ಎರಡು ಭಾನುವಾರ ಹಿಡಿಯಿತು.

ಲೆಕ್ಕ ಹೀಗಿದೆ. ಸೆಕೆಂಡಿಗೆ 48,000 ಧ್ವನಿ ಮಾದರಿಗಳ (ಸ್ಯಾಂಪಲ್) ದರದಲ್ಲಿ 256 ಮಾದರಿಗಳ ಒಂದು ಬಫರ್, ಅಂದರೆ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು, ಎಂದರೆ 5.33 ಮಿಲಿಸೆಕೆಂಡು. ಅಷ್ಟರೊಳಗೆ ಅದರ ಕೆಲಸ ಮುಗಿಯದಿದ್ದರೆ ‘ಕಟ್’ ಕೇಳಿಸುತ್ತದೆ. ಬಫರ್ ದೊಡ್ಡದು ಮಾಡಿದರೆ ಗಾಯಕರಿಗೆ ತಮ್ಮದೇ ಧ್ವನಿ ತಡವಾಗಿ ಕೇಳಿಸುತ್ತದೆ. ಆದ್ದರಿಂದ ಆ ದಾರಿ ಮುಚ್ಚಿತ್ತು. ಈ ಪೈ ಪೂರ್ತಿ ವೇಗದಲ್ಲಿ, ಅಂದರೆ 1500 ಮೆಗಾಹರ್ಟ್ಸ್‌ನಲ್ಲಿ, ಇರುವಾಗ ಒಂದು ಬಫರಿನ ಕೆಲಸಕ್ಕೆ ನನ್ನ ಪ್ರೋಗ್ರಾಮಿಗೆ ಸುಮಾರು 2.3 ಮಿಲಿಸೆಕೆಂಡು ಸಾಕು. ಕನಿಷ್ಠ ವೇಗವಾದ 600ರಲ್ಲಿ ಅದೇ ಕೆಲಸ 5.75 ಮಿಲಿಸೆಕೆಂಡು ಬೇಡುತ್ತದೆ, ಗಡುವು ಮೀರುತ್ತದೆ. ಮೈಕಿನಲ್ಲಿ ಧ್ವನಿ ಇಲ್ಲದಾಗ ಅನುರಣನದ ಗಣಿತವನ್ನೇ ಬಿಟ್ಟುಬಿಡುವಂತೆ ಜಾಣತನದಿಂದ ಬರೆದಿದ್ದವನು ನಾನೇ. ತಂಬೂರಿ ಬೇರೆ ಚಾನೆಲ್ಲಿನಲ್ಲಿ ನೇರವಾಗಿ ಹೋಗುತ್ತಿತ್ತು. ಹೀಗಾಗಿ ವಿರಾಮದಲ್ಲಿ ಹೊರೆ ಬಹುತೇಕ ಇಲ್ಲವಾಗಿ, ವೇಗ 600ಕ್ಕೆ ಇಳಿದು ಕೂಡುತ್ತಿತ್ತು.

ಪೈ ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಹೊರೆ ನೋಡಿ ಪ್ರೊಸೆಸರಿನ ವೇಗ ಏರಿಳಿಸುವ ಭಾಗಕ್ಕೆ ಗವರ್ನರ್ ಎನ್ನುತ್ತಾರೆ. ಅಲ್ಲಿ ನಾನು ಹಾಕಿದ್ದ ಗವರ್ನರ್ ಸ್ಕೆಡ್‌ಯೂಟಿಲ್. 2016ರಲ್ಲಿ ಲಿನಕ್ಸ್ 4.7ರೊಂದಿಗೆ ಬಂದ ಇದು, ಹಳೆಯ ಗವರ್ನರ್ ಆನ್‌ಡಿಮಾಂಡ್‌ನಂತೆ ಹೊರಗಿನಿಂದ ಆಗಾಗ ಇಣುಕಿ ನೋಡದೆ, ಯಾವ ಕೆಲಸ ಯಾವಾಗ ನಡೆಯಬೇಕೆಂದು ಸರದಿ ಹಂಚುವ ಶೆಡ್ಯೂಲರ್ ತಾನೇ ಇಟ್ಟುಕೊಂಡ ಲೆಕ್ಕದಿಂದ ವೇಗ ನಿರ್ಧರಿಸುತ್ತದೆ: ಬಳಕೆಯ ಪ್ರಮಾಣವನ್ನು ಗರಿಷ್ಠ ವೇಗಕ್ಕೆ ಗುಣಿಸಿ, ಅದರ ಮೇಲೆ ಕಾಲು ಭಾಗ ಹೆಚ್ಚುವರಿ ಕೊಡುತ್ತದೆ. ಆದರೆ ಪೆಲ್ಟ್ ಎಂದು ಕರೆಯುವ ಆ ಲೆಕ್ಕಕ್ಕೆ ಹಿಂದಿನ ನೆನಪು ಬಹಳ. 32 ಮಿಲಿಸೆಕೆಂಡು ಹಿಂದಿನ ಚಟುವಟಿಕೆಗೆ ಈಗಿನದರ ಅರ್ಧದಷ್ಟು ತೂಕವಿರುತ್ತದೆ. ಗುರುಗಳು ಸ್ವರ ಹಚ್ಚಿದಾಗ ಆ ಲೆಕ್ಕ ಮೇಲೇರಿ ವೇಗ ಹೆಚ್ಚುವುದರೊಳಗೆ ಹಲವು ಬಫರ್‌ಗಳು ತಪ್ಪಿ ಹೋಗಿರುತ್ತಿದ್ದವು. ಪೈ 4ರ ನಾಲ್ಕೂ ಕೋರ್‌ಗಳಿಗೆ ಕ್ಲಾಕ್ ಒಂದೇ ಆದ್ದರಿಂದ, ಕ್ಯಾಸೆಟ್ ಕೆಲಸ ನಡೆಯುವಾಗ ಅದರ ಹೊರೆಯೇ ಎಲ್ಲ ಕೋರ್‌ಗಳನ್ನೂ 1500ಕ್ಕೆ ಎಳೆದು ನಿಲ್ಲಿಸುತ್ತಿತ್ತು.

ಹಾಗಿದ್ದರೆ ಅದನ್ನು ಸದಾ ನಡೆಯಲು ಬಿಡಬಹುದಲ್ಲ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪೈ 80 ಡಿಗ್ರಿ ಮುಟ್ಟಿ, ತನ್ನ ವೇಗ ತಾನೇ ತಗ್ಗಿಸಿಕೊಳ್ಳತೊಡಗಿತು. ಕ್ಯಾಸೆಟ್ ಕೆಲಸಕ್ಕೆ ನೈಸ್ 19, ಅಂದರೆ ಅತಿ ಕಡಿಮೆ ಆದ್ಯತೆ, ಕೊಟ್ಟು ನೋಡಿದೆ. ಬಿಸಿ ಒಂದಿಷ್ಟೂ ಇಳಿಯಲಿಲ್ಲ. ಇದು ನನ್ನ ತಿಳಿವಳಿಕೆಯ ತಪ್ಪು. ನೈಸ್ ಹೇಳುವುದು ಪೈಪೋಟಿ ಇದ್ದಾಗ ಯಾರಿಗೆ ಎಷ್ಟು ಸಮಯ ಎಂಬುದನ್ನು ಮಾತ್ರ. ಖಾಲಿ ಕೋರ್ ಸಿಕ್ಕರೆ ಅತ್ಯಂತ ವಿನಯವಂತ ಕೆಲಸವೂ ಅದನ್ನು ಪೂರ್ತಿ ಬಳಸುತ್ತದೆ, ಸ್ಕೆಡ್‌ಯೂಟಿಲ್ ಆ ಬಳಕೆಯನ್ನು ನೋಡಿ ಪೂರ್ತಿ ವೇಗ ಕೊಡುತ್ತದೆ. ಆನ್‌ಡಿಮಾಂಡ್‌ನಲ್ಲಿ ನೈಸ್ ಹೊರೆಯನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಸೌಲಭ್ಯವಾದರೂ ಇತ್ತು.

ನನ್ನ ಪ್ರೋಗ್ರಾಮನ್ನು, ಸಾಮಾನ್ಯ ಕೆಲಸಗಳಿಗಿಂತ ಮೊದಲು ಸರದಿ ಸಿಗುವ ರಿಯಲ್‌ಟೈಮ್ ವರ್ಗಕ್ಕೆ ಏರಿಸಿದಾಗ ಕಟ್ ಸದ್ದು ನಿಂತಿತು, ಆದರೆ ಆ ವರ್ಗದ ಕೆಲಸ ಎಚ್ಚರವಾದಾಗಲೆಲ್ಲ ಕರ್ನಲ್ (ಲಿನಕ್ಸಿನ ತಿರುಳು) ಗರಿಷ್ಠ ವೇಗವನ್ನೇ ಕೊಡುವುದರಿಂದ ಬಿಸಿ ಹಾಗೆಯೇ ಉಳಿಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಯೂಕ್ಲ್ಯಾಂಪ್. ಬಳಕೆಯ ಲೆಕ್ಕ ಏನೇ ಹೇಳಲಿ, ಈ ಕೆಲಸಕ್ಕೆ ಇದಕ್ಕಿಂತ ಕಡಿಮೆ ಬೇಡ, ಆ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಡ ಎಂದು ಶೆಡ್ಯೂಲರಿಗೆ ಸುಳಿವು ಕೊಡುವ ಈ ವ್ಯವಸ್ಥೆ 2019ರಲ್ಲಿ ಕರ್ನಲ್ಲಿಗೆ ಸೇರಿತು. ಅದನ್ನು ಆನ್ ಮಾಡಿ ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಿಕೊಂಡೆ. ರಿಯಲ್‌ಟೈಮ್ ಕೆಲಸಗಳ ಕನಿಷ್ಠ ಮಿತಿಯನ್ನು 1024ರಿಂದ, ಅಂದರೆ ಪೂರ್ತಿ ಸಾಮರ್ಥ್ಯದಿಂದ, ಅದರ ಅರ್ಧವಾದ 512ಕ್ಕೆ ಇಳಿಸಿದೆ; ಕ್ಯಾಸೆಟ್ ಕೆಲಸವನ್ನು ಬೇರೆ ಸಿಗ್ರೂಪಿಗೆ (ಮಿತಿ ಹಾಕಲು ಕೆಲಸಗಳನ್ನು ಕೂಡಿಸುವ ಗುಂಪಿಗೆ) ಹಾಕಿ ಅದರ ಗರಿಷ್ಠ ಮಿತಿಯನ್ನು ಶೇಕಡಾ 40ಕ್ಕೆ ಕಟ್ಟಿದೆ. ಎರಡು ಕೆಲಸಗಳು ಬೇರೆ ಬೇರೆ ಕೋರ್‌ಗಳಲ್ಲಿ ನಡೆದರೂ ಪೈಯ ಕ್ಲಾಕ್ ಒಂದೇ ಆದ್ದರಿಂದ ಎರಡರಲ್ಲಿ ಹೆಚ್ಚಿನ ಬೇಡಿಕೆಯೇ ಗೆಲ್ಲುತ್ತದೆ. ಅಂದರೆ ಮುದ್ರಣ ನಡೆಯುವಾಗ ಕ್ಯಾಸೆಟ್ ಕೆಲಸಕ್ಕೂ ನಡುವಿನ ವೇಗ ಸಿಗುತ್ತದೆಯೇ ಹೊರತು 1500 ಸಿಗುವುದಿಲ್ಲ. ಗುರುಗಳು ಎಷ್ಟು ಹೊತ್ತು ಮೌನವಾಗಿದ್ದರೂ ವೇಗ 600ಕ್ಕೆ ಇಳಿದು ಕಾದು ಕೂಡುವುದಿಲ್ಲ.

ಕ್ಯಾಸೆಟ್ ಕೆಲಸ ಈಗ ನಿಧಾನ. ಗುರುಗಳು ತಂಬೂರಿಗೆ ಗವಸು ಹಾಕಿ ಎದ್ದ ಮೇಲೆ ಆ 40ನ್ನು ಅಳಿಸಿ ಮ್ಯಾಕ್ಸ್ (ಮಿತಿ ಬೇಡ) ಎಂದು ಬರೆದು, ಪಡಸಾಲೆಯ ಫ್ಯಾನ್ ಹಚ್ಚಿ ಮನೆಗೆ ಹೊರಡುತ್ತೇನೆ.