ಮೇಫ್ಲೈ ಕಟ್ಟುವುದನ್ನು ನಾನು ಕಲಿತದ್ದು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಒಂದು ಮೂಲೆ ನಾಲ್ಕು ವರ್ಷದಿಂದ ನನ್ನದು. ಅಲ್ಲಿ ಹುಕ್ಕನ್ನು (ಗಾಳದ ಕೊಕ್ಕೆಯನ್ನು) ಕಚ್ಚಿ ಹಿಡಿಯುವ ಪುಟ್ಟದೊಂದು ವೈಸ್, ಟೇಬಲ್ ಲ್ಯಾಂಪ್, ಕತ್ತರಿ, ಹುಂಜದ ಪುಕ್ಕ ಇವೆ. ಹುಕ್ಕಿಗೆ ಪುಕ್ಕ, ದಾರ ಸುತ್ತಿ ಹುಳದಂತೆ ಕಾಣುವ 'ಫ್ಲೈ' ಕಟ್ಟುತ್ತೇನೆ, ಮೀನು ಅದನ್ನು ಹುಳ ಅಂದುಕೊಂಡು ಹಿಡಿಯಲಿ ಅಂತ. ಧಾರವಾಡದಿಂದ ಬಂದ ಅವ್ವ ಮೊದಲ ಸಲ ನೋಡಿ, "ಇಷ್ಟ್ ಸಣ್ಣ ಹುಳಾ ಮಾಡಿ ಯಾರಿಗೆ ತೋರಸ್ತೀಯೋ?" ಅಂದಳು. "ಮೀನಿಗೆ, ಅವ್ವಾ" ಅಂದೆ.

ಆ ಮೀನು ಟ್ರೌಟ್. ಅದಕ್ಕೆ ತಣ್ಣಗಿನ ನೀರೇ ಬೇಕು, ಪುಣೆಯ ಕಡೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ ರಜೆ ಹಾಕಿ ಹಿಮಾಚಲದ ತೀರ್ಥನ್ ನದಿಗೆ ಹೋಗುತ್ತೇನೆ, ಲೈಸೆನ್ಸ್ ಮಾಡಿಸಿ ಗಾಳ ಹಾಕುತ್ತೇನೆ. ಹಿಡಿದದ್ದನ್ನು ವಾಪಸ್ ಬಿಡುತ್ತೇನೆ.

ಮೊದಲ ವರ್ಷ ಮಧ್ಯಾಹ್ನ ನೀರಿನ ಮೇಲೆ ಮೇಫ್ಲೈ ಎಂಬ ರೆಕ್ಕೆಯ ಹುಳಗಳು ಏಳತೊಡಗಿದವು. ಮರಿಯಾಗಿದ್ದಾಗ ಈ ಹುಳ ತಿಂಗಳುಗಟ್ಟಲೆ ನೀರಿನಡಿಯ ಕಲ್ಲುಗಳ ನಡುವೆ ಬದುಕುತ್ತದೆ. ರೆಕ್ಕೆ ಬಂದ ಮೇಲೆ ಆಯಸ್ಸು ಸಾಮಾನ್ಯವಾಗಿ ಕೆಲವು ಗಂಟೆ, ಇಲ್ಲವೇ ಒಂದೆರಡು ದಿನ. ಆ ಹೊತ್ತಿನಲ್ಲಿ ಏನನ್ನೂ ತಿನ್ನುವುದಿಲ್ಲ. ನೀರಿನ ಮೇಲೆ ಬಂದು, ಪೊರೆ ಒಡೆದು, ರೆಕ್ಕೆ ನೆಟ್ಟಗೆ ನಿಲ್ಲಿಸಿ ಹಾಯಿದೋಣಿಯಂತೆ ತೇಲುತ್ತದೆ. ಟ್ರೌಟ್ ಅದನ್ನು ನುಂಗುವುದು ಆ ಹೊತ್ತಿನಲ್ಲೇ.

ನಾನು ಕಟ್ಟಿದ ಫ್ಲೈ ನೋಡಲು ತುಂಬಾ ಚೆನ್ನಾಗಿತ್ತು. ಪುಕ್ಕ ಎಂಟು ಸುತ್ತು ಸುತ್ತಿದ್ದೆ. ಒಂದು ಕಂದು ಟ್ರೌಟ್ ಮೇಲೆ ಬಂತು. ಮೀನು ಫ್ಲೈಯ ಕೆಳಗೇ ಒಂದು ಗೇಣು ದೂರ ಹಿಂದಕ್ಕೆ ತೇಲಿತು. ಮತ್ತೆ ಮುಳುಗಿತು. ಹೀಗೇ ಮೂರು ಸಲ ಆಯ್ತು. ಕೊನೆಗೆ ಕತ್ತರಿ ತೆಗೆದು ಕೆಳಭಾಗದ ಪುಕ್ಕವನ್ನೆಲ್ಲ ಚಪ್ಪಟೆಯಾಗಿ ಕತ್ತರಿಸಿದೆ. ಅಲ್ಲಿಯವರೆಗೆ ಪುಕ್ಕದ ತುದಿ ಮೇಲೆ ಎತ್ತರದಲ್ಲಿ ನಿಂತಿದ್ದ ಫ್ಲೈ ಈಗ ಹೊಟ್ಟೆ ಊರಿ ಕೂತಿತು. ಎರಡನೇ ಎಸೆತಕ್ಕೇ ಮೀನು ಬಂದು ಹಿಡಿಯಿತು.

ಮೀನು ನೋಡುವುದು ಕೆಳಗಿನಿಂದ, ಅಲ್ವಾ? ನಾನು ಮೇಲಿನಿಂದ ನೋಡಿ ಖುಷಿಪಡುತ್ತಿದ್ದೆ. ಈಗ ಕಟ್ಟಿದ ಪ್ರತಿ ಫ್ಲೈಯನ್ನೂ ಗಾಜಿನ ಬಟ್ಟಲಿನ ನೀರಿಗೆ ಬಿಟ್ಟು, ಬಟ್ಟಲನ್ನು ಎತ್ತಿ ಹಿಡಿದು ಅಡಿಯಿಂದ ನೋಡುತ್ತೇನೆ. ಮೈ ನೀರಿಗೆ ತಾಗಿರಬೇಕು, ಬಾಲ ಕವಲಾಗಿ ಹರಡಿರಬೇಕು. ಇಲ್ಲದಿದ್ದರೆ ಬ್ಲೇಡಿನಿಂದ ಎಲ್ಲ ಕೆರೆದು ತೆಗೆದು ಅದೇ ಹುಕ್ಕಿಗೆ ಮತ್ತೆ ಕಟ್ಟುವುದು.

ನಾನು ಜಾಸ್ತಿ ಕಟ್ಟುವುದು ಪ್ಯಾರಾಶೂಟ್ ಆಡಮ್ಸ್, ಅಂದರೆ ಆಡಮ್ಸ್ ಅನ್ನುವ ಫ್ಲೈಯಲ್ಲೇ ಪುಕ್ಕವನ್ನು ರೆಕ್ಕೆಯ ಬುಡಕ್ಕೆ ಅಡ್ಡಲಾಗಿ ಸುತ್ತಿದ ರೂಪ. ಮೂಲ ಆಡಮ್ಸ್ ಫ್ಲೈಯನ್ನು 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲಿಯೊನಾರ್ಡ್ ಹ್ಯಾಲಡೇ ಕಟ್ಟಿದರು. ಅದು ಇಂಥದ್ದೇ ಹುಳದ ನಕಲು ಅಂತಲ್ಲ, ಆದರೆ ಬೂದು ಮೈಯ ಎಷ್ಟೋ ಮೇಫ್ಲೈಗಳಿಗೆ ಹೊಂದುತ್ತದೆ. ಹುಕ್ 14 ಅಥವಾ 16. ನಂಬರ್ ದೊಡ್ಡದಾದಷ್ಟೂ ಹುಕ್ ಚಿಕ್ಕದು. ತೆಳು ತಂತಿಯದ್ದೇ ಆಗಬೇಕು, ದಪ್ಪನೆಯದು ಮುಳುಗುತ್ತದೆ. ಬಾಲಕ್ಕೆ ನೈಲಾನ್ ಪೇಂಟಿಂಗ್ ಬ್ರಶ್‌ನ ಎಳೆ, ಹುಕ್ಕಿನ ದಂಡಿಗೆಯಷ್ಟೇ ಉದ್ದ. ಹುಕ್ಕು ಬಾಗುವಲ್ಲಿ ದಾರದಿಂದ ಸಾಸಿವೆಗಿಂತ ಚಿಕ್ಕ ಗಂಟು ಮಾಡಿಕೊಂಡರೆ ಎಳೆಗಳು ತಾವೇ ಎರಡು ಕಡೆ ಕವಲೊಡೆಯುತ್ತವೆ. ಮೈಗೆ ಮೊಲದ ತುಪ್ಪಳ, ದಾರದ ಮೇಲೆ ಬೆರಳಿನಿಂದ ಹೊಸೆದದ್ದು. ದಾರ ಇನ್ನೂ ಕಾಣುತ್ತಿದೆ ಅನ್ನುವಷ್ಟು ಕಮ್ಮಿ ಸಾಕು. ರೆಕ್ಕೆಯ ಕಂಬಕ್ಕೆ ಬಿಳಿ ಪಾಲಿಪ್ರೊಪಿಲೀನ್ ನೂಲು, ಅದು ನೀರಿಗಿಂತ ಹಗುರ. ಕಂಬದ ಬುಡಕ್ಕೆ ಅಡ್ಡಲಾಗಿ ಪುಕ್ಕ ನಾಲ್ಕೇ ಸುತ್ತು. ಕೊನೆಯ ಗಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ.

ಪುಕ್ಕಕ್ಕೆ ಕೋಳಿ ಅಂಗಡಿಯವನಿಗೆ ಮೊದಲೇ ಹೇಳಿಟ್ಟಿರುತ್ತೇನೆ. ನಾಟಿ ಹುಂಜದ ಕುತ್ತಿಗೆಯದ್ದೇ ಬೇಕು. ಬ್ರಾಯ್ಲರ್‌ನದ್ದು ಮೆತ್ತಗೆ, ನೀರು ಕುಡಿಯುತ್ತದೆ.

ಇಷ್ಟು ವರ್ಷ ಹುಳದ ಒಂದೇ ರೂಪ ಕಟ್ಟುತ್ತಿದ್ದೆ, ಆದರೆ ರೆಕ್ಕೆ ಬಂದ ಮೇಲೂ ಅದಕ್ಕೆ ಎರಡು ರೂಪ. ಕಳೆದ ಅಕ್ಟೋಬರ್‌ನಲ್ಲಿ ಪುಣೆಗೆ ಹತ್ತಿರದ ಮುಳಶಿ ಅಣೆಕಟ್ಟಿನ ಹಿನ್ನೀರಿನ ಪಕ್ಕ ಗೆಳೆಯನ ಮನೆಯಲ್ಲಿದ್ದೆವು. ಟ್ಯೂಬ್‌ಲೈಟ್ ಕೆಳಗಿನ ಗೋಡೆಯ ಮೇಲೆ ಒಂದು ಮೇಫ್ಲೈ ಕೂತಿತ್ತು, ರೆಕ್ಕೆ ಮಂಜು ಹಿಡಿದ ಗಾಜಿನಂತೆ ಮಸುಕು. ಸುಮ್ನೆ ಗಾಜಿನ ಲೋಟ ಕವುಚಿಟ್ಟು, ಕೆಳಗೆ ಕಾಗದ ತೂರಿಸಿ ಒಳಗೆ ತಂದೆ. ಬೆಳಿಗ್ಗೆ ನೋಡಿದರೆ ಲೋಟದಲ್ಲಿ ಎರಡು ಹುಳ! ಒಂದು ಅಲುಗಾಡುತ್ತಿರಲಿಲ್ಲ. ಬಗ್ಗಿ ನೋಡಿದೆ. ಅದು ಪೊರೆ, ಕಾಲು ಬಾಲ ಸಮೇತ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ ಅಂತ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಪಕ್ಕದ ಹುಳದ ರೆಕ್ಕೆ ಈಗ ತಿಳಿಯಾಗಿತ್ತು, ಆಚೆಗಿನ ಗೋಡೆ ಕಾಣುವಷ್ಟು. ಅದನ್ನು ಹೊರಗೆ ಬಿಟ್ಟು, ಪೊರೆಯನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಪುಣೆಗೆ ತಂದೆ. ಈಗ ಲ್ಯಾಂಪಿನ ಪಕ್ಕದಲ್ಲೇ ಇದೆ. ಬಾಲದ ಉದ್ದ ಅಳೆಯುವುದು ಅದರಿಂದಲೇ.