ಸೂಜಿಯ ಗುಣವೋ, ಮಾತ್ರೆಯ ಗುಣವೋ

ಪಾರ್ಕಿನ್ಸನ್ ಇರುವವರಿಗೆ ಮೊದಲ ಸಲ ಅಕ್ಯುಪಂಕ್ಚರ್ ಮಾಡಿದಾಗ ನಾನು ನಡುಗುವ ಕೈಗೇ ಸೂಜಿ ಹಾಕಿದ್ದೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಎಲ್.ಐ. 4 ಬಿಂದು. ಕೈ ನಡುಗಿದಂತೆಲ್ಲ ಸೂಜಿಯೂ ಅಲ್ಲಾಡಿತು. "ಕೆಂಜಿಗ ಕಚ್ಚಿದ ಹಾಗಾಗ್ತಿದೆ ಡಾಕ್ಟ್ರೇ" ಎಂದರು ನನ್ನ ರೋಗಿ, ಒಬ್ಬ ಮೇಷ್ಟ್ರು. ಥಟ್ಟನೆ ತೆಗೆದೆ. ಅಂದಿನಿಂದ ಮೊಣಕಾಲಿನ ಕೆಳಗೆ ಹೊರಬದಿಯ ಜಿ.ಬಿ. 34 ಬಿಂದು, ಪಾದದ ಮೇಲೊಂದು, ನೆತ್ತಿಯ ಮೇಲೊಂದು. ಅಷ್ಟೇ, 25 ನಿಮಿಷ.

ನಾನು ಓದಿದ್ದು ಬಿ.ಎನ್.ವೈ.ಎಸ್., ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ. ಮೇಷ್ಟ್ರಿಗೆ ಮೊದಲೇ ಹೇಳಿದ್ದೆ: ನರರೋಗ ತಜ್ಞರು ಬರೆದ ಮಾತ್ರೆ ಒಂದನ್ನೂ ಬಿಡಬಾರದು. ಈ ಕಾಯಿಲೆಯಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕಡಿಮೆಯಾಗುತ್ತದೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಸೂಜಿ ಅದರ ಬದಲಿಗೆ ಅಲ್ಲ.

ಗುಣ ಕಂಡಿತೋ ಇಲ್ಲವೋ ಅಂತ ನೋಡಲು ಒಂದು ನೋಟ್‌ಬುಕ್ ಇಟ್ಟೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್? ಜೊತೆಗೆ ಅವರ ಕೈಬರಹದ ಒಂದು ಸಾಲು. ಪಾರ್ಕಿನ್ಸನ್‌ನಲ್ಲಿ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಹೋಗುತ್ತಾ ಕಿರಿದಾಗುತ್ತದೆ. ಬೋರ್ಡಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದ ಮೇಷ್ಟ್ರಿಗೆ ನಡುಕಕ್ಕಿಂತ ಇದೇ ಜಾಸ್ತಿ ಸಂಕಟ.

ಮೊದಲ ದಿನ 19 ಸೆಕೆಂಡ್. ನಾಲ್ಕು ವಾರದ ಮೇಲೆ 14. ನಾನು ಹಿಗ್ಗಿ ಹೋದೆ. ಐದನೇ ವಾರ ಬಸ್ ತಪ್ಪಿ ಅವರು ಮಧ್ಯಾಹ್ನ ಬಂದರು. 20 ಸೆಕೆಂಡ್! ನೋಟ್‌ಬುಕ್ ತಿರುವಿ ಹಾಕಿದಾಗ ಗುಟ್ಟು ಗೊತ್ತಾಯಿತು. ಸಾಮಾನ್ಯವಾಗಿ ಬರುತ್ತಿದ್ದುದು ಬೆಳಿಗ್ಗೆ, ಮಾತ್ರೆ ನುಂಗಿ ಒಂದು ಗಂಟೆಗೆ. ಮೊದಲ ದಿನ ಮಾತ್ರ ಸಂಜೆ ಬಂದಿದ್ದರು, ಮಾತ್ರೆಯ ಗುಣ ಇಳಿದ ಹೊತ್ತಿಗೆ. ನಾನು ಅಳೆದದ್ದು ಮಾತ್ರೆಯನ್ನು! ಅಂದಿನಿಂದ ಮೊದಲ ಪ್ರಶ್ನೆ, "ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ?" ಒಂದೇ ಹೊತ್ತಿನಲ್ಲಿ ಅಳೆದರೆ ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಕ್ಷರವೂ ಹಾಗೇ.

ಆದರೆ ರಾತ್ರಿ ಮೀನಖಂಡ ಹಿಡಿಯುವುದು ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ ಎಂದರು ಅವರ ಮನೆಯವರು. ಇದನ್ನೂ ಸೂಜಿಯ ಲೆಕ್ಕಕ್ಕೆ ಬರೆಯಲು ನನಗೆ ಧೈರ್ಯ ಸಾಲದು. ಔಷಧಿ ಇರಬಹುದು ಎಂಬ ನಂಬಿಕೆಯಿದ್ದರೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟರೂ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಹೊರಬರುತ್ತದೆ ಎಂದು ಕೆನಡಾದ ಸಂಶೋಧಕರು 2001ರಲ್ಲೇ ತೋರಿಸಿದ್ದಾರೆ. ಈ ಕಾಯಿಲೆಯಲ್ಲಿ ನಂಬಿಕೆಯೂ ಒಂದು ಔಷಧಿಯೇ, ಅಲ್ವಾ?

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ದಿನ ಸೂಜಿ ತೆಗೆದ ಕೂಡಲೇ ಅವರನ್ನು ಎಬ್ಬಿಸಿದೆ. ಬಿ.ಪಿ. ಇಳಿದು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡರು. ಈಗ ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಿಸಿಯೇ ಇಳಿಸುವುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳುತ್ತೇನೆ. ಮಿದುಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಡಿ.ಬಿ.ಎಸ್. ಯಂತ್ರ ಅಳವಡಿಸಿಕೊಂಡವರಿಗೆ ಸೂಜಿಯ ಮೂಲಕ ಕರೆಂಟ್ ಕೊಡುವುದಿಲ್ಲ.

ನೋಟ್‌ಬುಕ್ ತೋರಿಸಿದಾಗ ಮೇಷ್ಟ್ರು ಕೇಳಿದರು, "ಹಾಗಾದ್ರೆ ಬರೋದು ಬಿಡ್ಲಾ?" ವಾರಕ್ಕೆ ಎರಡು ಸಲ ಬೇಡ, ಹದಿನೈದು ದಿನಕ್ಕೊಮ್ಮೆ ಸಾಕು ಎಂದೆ. ಉಳಿದ ದಿನ ಈಗ ಫಿಸಿಯೋಥೆರಪಿಗೆ ಹೋಗುತ್ತಾರೆ.